ತುಮಕೂರಿನ ಕಾಲೇಜು ವಿದ್ಯಾರ್ಥಿಗಳಿಗೆ: ಕತ್ತಲಾದ ಮೇಲಿನ ಓಡಾಟ

ಲ್ಯಾಬ್ ಮುಗಿಸಿ ಪಿಜಿಗೆ ಹೊರಡುವ ಮುನ್ನ ಮನೆಯವರಿಗೋ ಗೆಳೆಯರಿಗೋ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿ. 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಆಯ್ಕೆಗಳಿವೆ. ಬಸ್ಸು ತಡವಾದರೆ 15 ನಿಮಿಷದ್ದು ನಡುದಾರಿಯಲ್ಲೇ ಮುಗಿಯುತ್ತದೆ, 1 ಗಂಟೆಯದನ್ನೇ ಆರಿಸಿ. ಡೇಟಾ ಹೋದರೆ ಹಳೆಯ ಜಾಗವೇ ಕಾಣುತ್ತಿರುತ್ತದೆ. ಆದ್ದರಿಂದ ತಲುಪಿದ ಕೂಡಲೇ ಒಂದು ಕರೆ ಮಾಡಲೇಬೇಕು. ಆಟೊ ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೊ ಕಳಿಸಿ.

ಬಿ.ಎಚ್. ರಸ್ತೆ ದಾಟುವಾಗ ಇಯರ್‌ಫೋನ್ ದಯವಿಟ್ಟು ತೆಗೆಯಿರಿ.

ತೊಂದರೆಯಾದರೆ 112, ರೈಲಿನಲ್ಲಾದರೆ 139. ಮೊದಲು ಜಾಗ ಹೇಳಿ, ಆಮೇಲೆ ವಿಷಯ: ಕರೆ ಕಟ್ಟಾದರೂ ಎಲ್ಲಿದ್ದೀರೆಂದು ಅವರಿಗೆ ಗೊತ್ತಿರುತ್ತದೆ. ಯುಪಿಐನಲ್ಲಿ ಮೋಸದಿಂದ ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930. ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ಜಾರುತ್ತದೆ. ರ‍್ಯಾಗಿಂಗ್ ಸಹಿಸಬೇಡಿ, ಯುಜಿಸಿ ಸಹಾಯವಾಣಿ 1800-180-5522.