ನಾಕು ಗೂಟ, ಒಂದು ಹೊಲ: ಯುರೋಪಿನ ಕಲೆ-ಸಾಹಿತ್ಯದ ಮೂವ್‌ಮೆಂಟ್‌ಗಳನ್ನ ತಲ್ಯಾಗ ಕೂಡಿಸೋದು ಹ್ಯಾಂಗ

ಎಂಎ ಮಾಡುಮುಂದ ನಮಗ ಒಂದ್ ಕೋಚಿಂಗ್‌ನಾಗ ಜೆರಾಕ್ಸ್ ನೋಟ್ಸ್ ಕೊಟ್ಟಿದ್ರು. ಇಂಪ್ರೆಷನಿಸಂ ಅನ್ನೋ ಪುಟದಾಗ ಕ್ಲೋದ್ ಮೊನೆ ತಗದ ಚಿತ್ರ ಇತ್ತು, ಕೆಳಗ "ಇಂಪ್ರೆಷನ್, ಸನ್‌ರೈಸ್, 1872" ಅಂತ ಬರ್ದಿತ್ತು, ಮ್ಯಾಲೆ ನೋಡಿದ್ರ ಬರೇ ಬೂದಿ ಬಳದಂಗ, ಸೂರ್ಯನ ಸುದ್ದೀನ ಇಲ್ಲ. ಜೆರಾಕ್ಸ್ ಮಷೀನ್ ಕೆಟ್ಟೈತಿ ಅನ್ಕೊಂಡು ಡೆಫಿನಿಷನ್ ಬಾಯಿಪಾಠ ಮಾಡಿ ಪರೀಕ್ಷಾ ಬರ್ದು ಬಂದೆ. ಎಷ್ಟೋ ವರ್ಷ ಆದಮ್ಯಾಲ ಮೊಬೈಲ್‌ನಾಗ ಅದ ಚಿತ್ರ ಕಲರ್‌ನಾಗ ನೋಡಿದೆ. ಬಂದರದ ನೀಲಿ ಮಂಜಿನ ನಡುವ ಕಿತ್ತಳಿ ಬಣ್ಣದ ಸೂರ್ಯ ಕುಂತಾನ, ನೀರಾಗ ಅವನ ನೆಳ್ಳು ಉದ್ದಕ ಅಲ್ಲಾಡಾಕತ್ತೈತಿ. ಮತ್ತ ಅದನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿದೆ, ಸೂರ್ಯ ಹೆಚ್ಚುಕಮ್ಮಿ ಮಾಯ! ಮೊನೆ ಸೂರ್ಯನ ಬಣ್ಣ ಬ್ಯಾರೆ ಮಾಡ್ಯಾನ, ಆದ್ರ ಬೆಳಕಿನ ಪ್ರಮಾಣ ಸುತ್ತಲಿನ ಆಕಾಶದಷ್ಟ ಇಟ್ಟಾನ, ಅದಕ್ಕ ಕಣ್ಣಿಗೆ ಅದು ಮಿಣುಕಿದಂಗ ಕಾಣತೈತಿ. ನೀವೂ ಈಗ ಮೊಬೈಲ್ ತಗದು ಹಿಂಗ ಮಾಡಿ ನೋಡ್ರಿ, ಎರಡು ನಿಮಿಷದ ಕೆಲಸ. ಮೂರು ಪುಟ ನೋಟ್ಸ್ ಓದಿ ತಿಳಿಲಾರದ್ದು ನನಗ ಅವತ್ತು ತಿಳೀತು.

ಅದಕ್ಕ ನೆಟ್, ಕೆಸೆಟ್ ಅಂತ ಕಾಲೇಜ್ ಮಾಸ್ತರಿಕಿ ಅರ್ಹತಾ ಪರೀಕ್ಷಾಕ್ಕ ತಯಾರಿ ಮಾಡೋ ಹುಡುಗ್ರು, ಇಲ್ಲಾ ಸುಮ್ನ ಆಸಕ್ತಿಗೆ ಓದೋರು ನನ್ನ ಕೇಳಿದ್ರ ನಾ ಹೇಳೋದು ಇಷ್ಟ: ಡೆಫಿನಿಷನ್‌ದಿಂದ ಶುರು ಮಾಡಬ್ಯಾಡ್ರಿ. ಮೊದ್ಲ ನಾಕು ಗೂಟ ಬಡೀರಿ, ಆಮ್ಯಾಲ ಒಂದು ಹೊಲಕ್ಕ ಹೋಗ್ರಿ.

ಗೂಟ ಅಂದ್ರ ಇಸವಿ. ಯುರೋಪಿನ ಇಸವಿ ನಮಗ ನೆನಪಿರಂಗಿಲ್ಲ ಯಾಕಂದ್ರ ಅಲ್ಲೆ ಏನೂ ಕಟ್ಟಿಲ್ಲ ನಾವು. ನಮ್ಮ ಭಾಗದ ಇಸವಿ ಆದ್ರ ಸಣ್ಣಂದಿನಿಂದ ಕೇಳೀವಿ, ಹಂಗಾಗಿ ನಾನು ಅವಕ್ಕ ಕಟ್ಟತೀನಿ.

ಮೊದಲನೇ ಗೂಟ 1565, ತಾಳಿಕೋಟಿ ಯುದ್ಧ. ಕೃಷ್ಣಾ ದಂಡಿಮ್ಯಾಲ ವಿಜಯನಗರ ಬಿದ್ದ ಅದ ವರ್ಷ ಪೀಟರ್ ಬ್ರೂಗೆಲ್ "ದಿ ಹಾರ್ವೆಸ್ಟರ್ಸ್" ತಗದ. ರಿನೈಸಾನ್ಸ್ (ಪುನರುಜ್ಜೀವನ) ಅಂದಕೂಡ್ಲೆ ಎಲ್ಲಾರೂ ಇಟಲಿ, ಲಿಯೊನಾರ್ಡೊ, ಮೈಕೆಲೆಂಜಲೊ ಅಂತಾರ, ಖರೇನ, ಸಿಸ್ಟೀನ್ ಚಾಪೆಲ್ ಛತ್ತು 1508ರಿಂದ 1512ರ ತನಕ ಆದದ್ದು, ಆದ್ರ ಉತ್ತರದ ಕಡೆ ಅದು ಹೊಲಕ್ಕ ಇಳೀತು. ಬ್ರೂಗೆಲ್ ಚಿತ್ರದಾಗ ಗೋಧಿ ಕೊಯ್ಯೋರು ಗಿಡದ ಬುಡಕ್ಕ ಕುಂತು ಉಣ್ಣಾಕತ್ತಾರ, ಒಬ್ಬಾಂವ ಕಾಲು ಅಗಲ ಮಾಡಿ ಅಂಗಾತ ಮಲಗ್ಯಾನ. ದೇವರಿಲ್ಲ, ರಾಜ ಇಲ್ಲ, ಮಧ್ಯಾಹ್ನದ ಬಿಸಲಾಗ ದಣದ ಮನಷ್ಯಾ ಅದಾನ.

ಎರಡನೇ ಗೂಟ 1656. ಮೊಹಮ್ಮದ್ ಆದಿಲ್‌ಶಾಹ ತೀರಿಕೊಂಡ ವರ್ಷ, ನಮ್ಮ ಗೋಲಗುಂಬಜ್ ಮುಗದದ್ದು ಅಂತ ಹೇಳೋ ವರ್ಷ. ಅದ ವರ್ಷ ಸ್ಪೇನ್‌ನಾಗ ವೆಲಾಸ್ಕೆಸ್ "ಲಾಸ್ ಮೆನಿನಾಸ್" ತಗದ, ಬರೋಕ್ ಅಂದ್ರ ಏನು ಅಂತ ಯಾರರ ಕೇಳಿದ್ರ ನಾ ಅದನ್ನ ತೋರಸ್ತೀನಿ. ಹತ್ತು ಫೂಟಿಗಿಂತ ಎತ್ತರದ ಚಿತ್ರ, ನಡುವ ಸಣ್ಣ ರಾಜಕುಮಾರಿ, ಬಾಜೂಕ ಬ್ರಶ್ ಹಿಡ್ಕೊಂಡು ಪೇಂಟರ್ ತಾನ ನಿಂತಾನ, ಹಿಂದಿನ ಗ್ವಾಡಿ ಕನ್ನಡ್ಯಾಗ ರಾಜಾ ರಾಣಿ ಮಸುಕ ಮಸುಕ ಕಾಣತಾರ, ಅಂದ್ರ ಅವರು ನಿಂತಿರೋದು ನಾವು ನಿಂತಿರೋ ಜಾಗಾದಾಗ! ಗುಂಬಜದ ಒಳಗ ಪಿಸುಗುಟ್ಟಿದ್ದು ಆ ಕಡೆ ಗ್ವಾಡಿಯಿಂದ ತಿರುಗಿ ಕೇಳೂಮುಂದ ಮೈ ಜುಮ್ ಅಂತೈತೆಲ್ಲ, ನೋಡೋರನ್ನೂ ಒಳಗ ಎಳಕೊಳ್ಳೋ ಆ ನಾಟಕ ಬರೋಕ್‌ನಾಗೂ ಐತಿ. ಇನ್ನೊಂದು ಮಾತು, ಇದಕ್ಕಿಂತ ನಲವತ್ತೈದು ವರ್ಷ ಮೊದ್ಲ, 1610ರ ಸುಮಾರಿಗೆ, ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಅನ್ನೋ ಪೇಂಟರ್ ಇಲ್ಲೇ ಬಿಜಾಪುರಕ್ಕ ಬಂದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಾಗ ಕೆಲಸಕ್ಕಿದ್ದ. ಯುರೋಪಿನ ಕಲೆ ನಮಗ ಪರಕೀ ಅಂತ ಅನ್ನೋರಿಗೆ ನಾ ಇದನ್ನ ಹೇಳೇ ಹೇಳ್ತೀನಿ.

ಮೂರನೇ ಗೂಟ 1857. ಮುಧೋಳ ಕಡೆ ಹಲಗಲಿ ಬೇಡರು ಹತಾರ ಕೊಡಂಗಿಲ್ಲ ಅಂತ ಬ್ರಿಟಿಷರ ವಿರುದ್ಧ ಎದ್ದ ವರ್ಷ. ಪ್ಯಾರಿಸ್‌ನಾಗ ಅದ ವರ್ಷ ಫ್ಲೊಬೇರನ "ಮದಾಮ್ ಬೊವಾರಿ" ಕಾದಂಬರಿ ಮ್ಯಾಲ ಕೇಸ್ ನಡೀತು, ಅಂವ ಬಿಡುಗಡಿ ಆದ, ಆಗಸ್ಟ್‌ನಾಗ ಬೋದಿಲೇರನ ಕವನಸಂಕಲನದ ಮ್ಯಾಲ ಕೇಸ್ ನಡೀತು, ಅವಂಗ ದಂಡ ಬಿತ್ತು, ಆರು ಪದ್ಯಕ್ಕ ಬಂದಿ ಹಾಕಿದ್ರು. ಎರಡೂ ಕೇಸಿಗೆ ಸರ್ಕಾರದ ವಕೀಲ ಒಬ್ಬಾಂವನ, ಅರ್ನೆಸ್ಟ್ ಪಿನಾರ್. ಒಂದು ರಿಯಲಿಸಂ (ಇದ್ದದ್ದು ಇದ್ದಂಗ ತೋರಸೋದು), ಇನ್ನೊಂದರಿಂದ ಮುಂದ ಸಿಂಬಲಿಸಂ (ಸಂಕೇತದಾಗ ಹೇಳೋದು) ಬಂತು. ಅದ ವರ್ಷ ಸಲೋನ್ ಅನ್ನೋ ಪ್ಯಾರಿಸ್‌ನ ಸರ್ಕಾರಿ ಚಿತ್ರಪ್ರದರ್ಶನದಾಗ ಫ್ರೆಂಚ್ ಪೇಂಟರ್ ಮಿಲೇನ ಚಿತ್ರ ಒಂದಿತ್ತು, ಅದರ ಬಗ್ಗೆ ಮುಂದ ಹೇಳ್ತೀನಿ.

ನಾಕನೇ ಗೂಟ 1924, ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದ ಒಂದು ಅಧಿವೇಶನ. ಅದು ಡಿಸೆಂಬರ್, ಅದಕ್ಕ ಎರಡು ತಿಂಗಳ ಮೊದ್ಲ ಅಕ್ಟೋಬರ್‌ನಾಗ ಆಂದ್ರೆ ಬ್ರೆತೋನ್ ಸರ್‌ರಿಯಲಿಸಂ ಮ್ಯಾನಿಫೆಸ್ಟೊ ಹೊರಗ ಹಾಕಿದ, ಕನಸು, ಒಳಮನಸ್ಸಿನಿಂದ ಕಲೆ ಹುಟ್ಟಬೇಕು ಅನ್ನೋ ಘೋಷಣಾ.

ಈ ನಾಕು ಗೂಟ ಗಟ್ಟಿ ಆದ್ರ ಉಳದದ್ದು ತಾನ ನಡು ನಡುವ ಕೂಡತೈತಿ. ಎರಡನೇದು-ಮೂರನೇದರ ನಡುವ ನಿಯೋಕ್ಲಾಸಿಸಿಸಂ (ಹಳೇ ಗ್ರೀಕ್-ರೋಮನ್ ಮಾದರಿಗೆ ಮರಳಿದ್ದು, ಫ್ರೆಂಚ್ ಪೇಂಟರ್ ಡೇವಿಡ್, 1784, ಫ್ರೆಂಚ್ ಕ್ರಾಂತಿಗೆ ಐದು ವರ್ಷ ಮೊದ್ಲ, ಇದರ ಮ್ಯಾಲ ಭಾಳ ಹೊತ್ತು ಕಳಿಬ್ಯಾಡ್ರಿ) ಆಮ್ಯಾಲ ರೊಮ್ಯಾಂಟಿಸಿಸಂ. ಮೂರು-ನಾಕರ ನಡುವ ಇಂಪ್ರೆಷನಿಸಂ, ಎಕ್ಸ್‌ಪ್ರೆಷನಿಸಂ, ಕ್ಯೂಬಿಸಂ (ವಸ್ತು ಒಡದು ಹಲವು ಕಡೆಯಿಂದ ತೋರಸೋದು), 1909ರ ಫ್ಯೂಚರಿಸಂ (ಮಷೀನು, ವೇಗ ಹೊಗಳೋದು), ಮೊದಲನೇ ಮಹಾಯುದ್ಧದ ನಡುವ 1916ರಾಗ ಜ್ಯೂರಿಕ್‌ನ ಒಂದು ಕ್ಯಾಬರೆಯೊಳಗ ಹುಟ್ಟಿದ ಡಾಡಾ.

ಈಗ ಹೊಲಕ್ಕ ಹೋಗೂಣ. ಎಲ್ಲಾ ಮೂವ್‌ಮೆಂಟ್‌ಗೂ ಬ್ಯಾರೆ ಬ್ಯಾರೆ ಉದಾಹರಣೆ ತಗೊಂಡ್ರ ಗೊಂದಲ ಆಗತೈತಿ, ವಸ್ತು ಒಂದ ಇಟ್ಕೊಂಡ್ರ ನೋಡೋ ಕಣ್ಣು ಹ್ಯಾಂಗ ಬದಲಾತು ಅನ್ನೋದು ಎದ್ದು ಕಾಣತೈತಿ. ನಾನು ಸುಗ್ಗಿ ಹೊಲ ಇಟ್ಕೊಂಡೀನಿ ಯಾಕಂದ್ರ ಬಿಳಿಜೋಳದ ಹೊಲ ಕಾಣದ ಹುಡುಗ ನಮ್ಮ ಕಡೆ ಯಾರದಾರ?

ಬ್ರೂಗೆಲ್ ಆತು. ಆಮ್ಯಾಲ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್, 1807ರಾಗ ಅಚ್ಚಾದ "ದಿ ಸಾಲಿಟರಿ ರೀಪರ್". ಒಬ್ಬಾಕಿ ಹುಡುಗಿ ಗುಡ್ಡದ ಹೊಲದಾಗ ಕೊಯ್ಕೋತ ಹಾಡಾಕತ್ತಾಳ, ಅಕಿ ಭಾಷಾ ಕವಿಗೆ ತಿಳಿಯಂಗಿಲ್ಲ, ಆದ್ರೂ ಆ ಧ್ವನಿ ಅವನ ಎದಿಯೊಳಗ ಉಳಕೋತೈತಿ. ರಾಶಿ ಮಾಡುಮುಂದ ಹಾಡೋ ಹಂತಿ ಪದ ದೂರದಿಂದ ಕೇಳಿದೋರಿಗೆ ಈ ಪದ್ಯ ಬಿಡಿಸಿ ಹೇಳೂದು ಬೇಕಾಗಿಲ್ಲ. ರೊಮ್ಯಾಂಟಿಸಿಸಂ ಇಷ್ಟ, ಲವ್ ಸ್ಟೋರಿ ಅಲ್ಲ, ಒಬ್ಬ ಮನಷ್ಯಾನ ಎದಿಯೊಳಗ ಏನಾತು ಅನ್ನೋದು ಮುಖ್ಯ. ಜನ ಆಡೋ ಮಾತಿನಾಗ ಕವಿತಾ ಬರೀಬೇಕು ಅಂತ "ಲಿರಿಕಲ್ ಬ್ಯಾಲಡ್ಸ್" ಸಂಕಲನದ 1800ರ ಮುನ್ನುಡಿಯೊಳಗ ಅಂವ ವಾದ ಮಾಡ್ತಾನ, ನಮ್ಮ ಬಸವನಬಾಗೇವಾಡಿ ಬಸವಣ್ಣನವರು ಹನ್ನೆರಡನೇ ಶತಮಾನದಾಗ ಆಡುಮಾತನ್ನ ವಚನ ಮಾಡಿದ್ದನ್ನ ಬಾಜೂಕ ಇಟ್ಟು ಓದ್ರಿ, ಆ ವಾದದ ತೂಕ ತಿಳೀತೈತಿ.

ಐವತ್ತು ವರ್ಷ ಆದಮ್ಯಾಲ ಅದ ಹೊಲಕ್ಕ ಮಿಲೇ ಬಂದ. 1857ರ ಸಲೋನ್‌ನಾಗಿದ್ದ ಅವನ "ದಿ ಗ್ಲೀನರ್ಸ್" ಅಂದ್ರ ಹಕ್ಕಲ ಆಯೋ, ಅಂದ್ರ ಕೊಯ್ದ ಹೊಲದಾಗ ಉದುರಿದ ತೆನಿ ಆರಿಸೋ ಹೆಂಗಸ್ರು. ಇದನ್ನ ಹತ್ತು ನಿಮಿಷ ನೋಡ್ರಿ, ಗಡಿಯಾರ ಹಚ್ಚಿ ನೋಡ್ರಿ. ಮೂರು ಮಂದಿ, ಇಬ್ಬರು ಪೂರಾ ಬಗ್ಗ್ಯಾರ, ಒಬ್ಬಾಕಿ ಬೆನ್ನು ಅರ್ಧ ಎತ್ತ್ಯಾಳ, ಬಗ್ಗಾಕತ್ತಾಳೋ ಏಳಾಕತ್ತಾಳೋ ಗೊತ್ತಾಗಂಗಿಲ್ಲ. ತಲಿಗೆ ಕಟ್ಟಿದ ವಸ್ತ್ರ ಒಬ್ಬಾಕಿದು ನೀಲಿ, ಒಬ್ಬಾಕಿದು ಕೆಂಪು. ಮುಖ ಸರಿಯಾಗಿ ಕಾಣಂಗಿಲ್ಲ, ಕೈ ಕಾಣತಾವ, ದಪ್ಪ ಕೈ. ಈಗ ಚಿತ್ರ ದೊಡ್ಡದು ಮಾಡಿ ಹಿಂದ ನೋಡ್ರಿ: ದೂರ ಬಿಸಲಾಗ ದೊಡ್ಡ ದೊಡ್ಡ ಬಣವಿ, ತುಂಬಿದ ಬಂಡಿ, ಬಲಕ್ಕ ಕುದರಿ ಮ್ಯಾಲ ಒಬ್ಬಾಂವ ಕುಂತಾನ, ಉಸ್ತುವಾರಿ ಮಾಡೋಂವ. ಅಷ್ಟು ರಾಶಿ ಹಿಂದ, ಇವರ ಕೈಯಾಗ ನಾಕು ತೆನಿ. ವರ್ಡ್ಸ್‌ವರ್ತ್‌ಗೆ ಹಾಡು ಕೇಳಿತ್ತು, ಮಿಲೇಗೆ ಬೆನ್ನು ಕಾಣ್ತು. ರೊಮ್ಯಾಂಟಿಸಿಸಂಗೂ ರಿಯಲಿಸಂಗೂ ಫರಕ್ ಏನು ಅಂತ ಪರೀಕ್ಷಾದಾಗ ಕೇಳಿದ್ರ ಈ ಎರಡನ್ನ ಎದುರಾಬದುರಾ ಇಟ್ಟು ಬರೀರಿ, ಉತ್ತರ ತಾನ ಬೆಳೀತೈತಿ. ನಮ್ಮ ಅಜ್ಜಿ ಹಕ್ಕಲ ಆಯ್ದು ತಂದ ಜ್ವಾಳದ ರೊಟ್ಟಿ ತಿಂದಾಕಿ ನಾನು, ಈ ಚಿತ್ರ ಮೊದಲನೇ ಸಲ ನೋಡಿದಾಗ ಕಣ್ಣಾಗ ನೀರು ಬಂದಿದ್ವು.

ಮುಂದ 1890-91, ಹೊಲದಾಗ ಈಗ ಮಂದಿ ಇಲ್ಲ, ಬಣವಿ ಅಷ್ಟ ಉಳದೈತಿ. ಮೊನೆ ಜಿವರ್ನಿಯೊಳಗ ತನ್ನ ಮನಿ ಹತ್ರದ ಬಣವಿಗಳನ್ನ ಸುಮಾರು 25 ಸಲ ತಗದ, ಮುಂಜಾನಿ, ಸಂಜಿ, ಹಿಮ ಬಿದ್ದಾಗ, ಬೆಳಕು ಬದಲಾದಂಗ ಕ್ಯಾನ್ವಾಸ್ ಬದಲಿ ಮಾಡ್ಕೋತ. ಇಲ್ಲಿ ನೀವು ಮಾಡೋ ಕೆಲಸ ಒಂದೈತಿ. ಕಣಕಿ ಬಣವಿ ಇರೋ ಜಾಗಾಕ್ಕ ಹೋಗಿ ಒಂದ ಕಡೆ ನಿಂತು ಮುಂಜಾನಿ ಏಳಕ್ಕ, ಮಧ್ಯಾಹ್ನ, ಸಂಜಿ ಆರಕ್ಕ ಮೂರು ಫೋಟೊ ಹೊಡೀರಿ, ಫಿಲ್ಟರ್ ಬ್ಯಾಡ, ಆಮ್ಯಾಲ ನೆಳ್ಳು ಇರೋ ಬಾಜೂ ದೊಡ್ಡದು ಮಾಡಿ ಬಣ್ಣ ನೋಡ್ರಿ. ನೆಳ್ಳು ಕರಿ ಇರಂಗಿಲ್ಲ, ಸಂಜಿಗೆ ನೀಲಿ ನೇರಳಿ ಹೊಡೀತೈತಿ. ಇಂಪ್ರೆಷನಿಸ್ಟ್‌ಗಳು ಜಗಳಾಡಿದ್ದು ಇದಕ್ಕ.

ಈ ಬಣವಿ ಕಥಿ ಇಲ್ಲಿಗೆ ಮುಗಿಯಂಗಿಲ್ಲ. 1896ರಾಗ ಮಾಸ್ಕೋದ ಪ್ರದರ್ಶನದಾಗ ಇವುದ್ರಾಗಿನ ಒಂದನ್ನ ರಶಿಯಾದ ಕ್ಯಾಂಡಿನ್‌ಸ್ಕಿ ನೋಡಿದ, ಅದು ಏನಂತ ಗುರ್ತ ಹತ್ತಲಿಲ್ಲ, ಕ್ಯಾಟಲಾಗ್ ನೋಡಿದಮ್ಯಾಲ ಬಣವಿ ಅಂತ ತಿಳೀತು. ವಸ್ತು ಗುರ್ತ ಹತ್ತಲಿಲ್ಲ, ಆದ್ರೂ ಬಣ್ಣ ತನ್ನ ಹಿಡಿದು ಅಲ್ಲಾಡಿಸ್ತು, ಹಂಗಾದ್ರ ವಸ್ತು ಬೇಕ ಬೇಕೇನು ಅನ್ನೋ ಪ್ರಶ್ನೆ ಅವನ ತಲ್ಯಾಗ ಹೊಕ್ತು, ಕಾಯ್ದೆ ಕಲಿತೋಂವ ಅದನ್ನ ಬಿಟ್ಟು ಚಿತ್ರ ಕಲ್ಯಾಕ ಮ್ಯೂನಿಕ್‌ಗೆ ಹೋದ, 1910ರ ಆಚೀಚೆ ಅಬ್‌ಸ್ಟ್ರಾಕ್ಟ್ ಕಲಾಕ್ಕ ಬಂದು ಮುಟ್ಟಿದ.

ಸಾಹಿತ್ಯದಾಗ ಅದ ಹೊಲ 1922ಕ್ಕ ಬಿರುಕು ಬಿಡತೈತಿ, ಎಲಿಯಟ್‌ನ "ದಿ ವೇಸ್ಟ್ ಲ್ಯಾಂಡ್" ಕವಿತಾ. 434 ಸಾಲು, ಮೊದಲಿಂದ ಓದಾಕ ಹೋಗಿ ಭಾಳ ಮಂದಿ ಅರ್ಧಕ್ಕ ಬಿಡ್ತಾರ. ನೀವು ಐದನೇ ಭಾಗದಿಂದ ಶುರು ಮಾಡ್ರಿ. ಅಲ್ಲೆ ನೀರಿಲ್ಲ, ಬರೇ ಕಲ್ಲು, ಗಂಗಾ ಬತ್ತ್ಯಾಳ, ಮೋಡ ದೂರ ಹಿಮಾಲಯದ ಮ್ಯಾಲ ಕೂಡಾಕತ್ತಾವ, ಗುಡುಗು "ದ ದ ದ" ಅಂತೈತಿ: ದತ್ತ, ದಯಧ್ವಂ, ದಮ್ಯತ, ಬೃಹದಾರಣ್ಯಕ ಉಪನಿಷತ್ತಿನದು, ಕಡೀಗೆ ಮೂರು ಸಲ ಶಾಂತಿ. ಬರಗಾಲದಾಗ ಮುಗಿಲು ನೋಡ್ಕೋತ ಕುಂತ ಊರಿನೋರಿಗೆ ಆ ಭಾಗ ಕಾಯ್ತಾ ಇರೋದು ಏನಂತ ಹೇಳಿಕೊಡಬೇಕಾಗಿಲ್ಲ. ಅದನ್ನ ಎರಡು ಸಲ ಗಟ್ಟಿಯಾಗಿ ಓದಿ, ಆಮ್ಯಾಲ ಮೊದಲಿಗೆ ಹೋಗ್ರಿ.

ಒಂದು ನೋಟ್‌ಬುಕ್ ಇಡ್ರಿ, ಮೂವ್‌ಮೆಂಟಿಗೊಂದು ಪುಟ, ಮ್ಯಾಲೆ ಒಂದ ಪ್ರಶ್ನೆ: ಇವರ ಜಗಳ ಯಾರ ಜೋಡಿ? ಫ್ರೆಂಚ್ ಪೇಂಟರ್ ಕೂರ್ಬೆ ಜಗಳ ಅಕಾಡೆಮಿ (ಕಲೆಗೆ ಕಟ್ಟಳಿ ಹಾಕೋ ಸರ್ಕಾರಿ ಸಂಸ್ಥೆ) ಜೋಡಿ, 1855ರಾಗ ಪ್ಯಾರಿಸ್‌ನ ದೊಡ್ಡ ಪ್ರದರ್ಶನದಾಗ ತನ್ನ ಚಿತ್ರ ಬ್ಯಾಡ ಅಂದ್ರಂತ ಅದರ ಬಾಜೂಕ ತನ್ನದ ಒಂದು ಮಂಟಪ ಹಾಕ್ಕೊಂಡು "ರಿಯಲಿಸಂ" ಅಂತ ಹೆಸರಿಟ್ಟ. ಡಾಡಾದೋರ ಜಗಳ ಲಕ್ಷಗಟ್ಟಲೆ ಮಂದಿನ ಯುದ್ಧಕ್ಕ ಕಳಿಸಿದ ಜಾಣತನದ ಜೋಡಿ. ಬ್ರೆತೋನ್ ಆ ಯುದ್ಧದಾಗ ಮನೋರೋಗಿಗಳ ವಾರ್ಡ್‌ನಾಗ ಕೆಲಸ ಮಾಡಿದೋಂವ, ಫ್ರಾಯ್ಡ್‌ನ ಓದಿದೋಂವ, ಅವನ ಜಗಳ ಎಚ್ಚರದಾಗಿರೋ ಬುದ್ಧಿ ಜೋಡಿ. ಸರ್‌ರಿಯಲಿಸ್ಟ್‌ಗಳಂಗ ನೀವೂ ಹತ್ತು ನಿಮಿಷ ಪೆನ್ ಎತ್ತದ, ತಿದ್ದದ, ಬಂದದ್ದು ಬಂದಂಗ ಬರೀರಿ, ಯಾರಿಗೂ ತೋರಸೂದು ಬ್ಯಾಡ.

ಮತ್ತ ಒಂದು ಮುಗೀತು ಇನ್ನೊಂದು ಶುರು ಆತು ಅಂತ ಗೆರಿ ಹೊಡೀಬ್ಯಾಡ್ರಿ. ಪಟ್ಟದಕಲ್ಲಿಗೆ ಹೋದೋರು ನೋಡೀರಿ, ನಾಗರ ಶೈಲಿ ಗುಡಿ, ದ್ರಾವಿಡ ಶೈಲಿ ಗುಡಿ ಒಂದ ಅಂಗಳದಾಗ ಆಜೂಬಾಜೂ ನಿಂತಾವ. ವ್ಯಾನ್ ಗೋ ಸಹಿತ ಮಿಲೇನ "ಬಿತ್ತುವಾಂವ" ಚಿತ್ರಾನ ಮತ್ತ ಮತ್ತ ನೋಡಿ ತಗದ, ಮೊನೆ ಬಣವಿ ಹಿಂದ ಬಿದ್ದಾಗ ಇಂಗ್ಲೆಂಡಿನಾಗ ಥಾಮಸ್ ಹಾರ್ಡಿ "ಟೆಸ್" ಕಾದಂಬರಿ ಬರ್ದ (1891, ಅದ್ರಾಗೂ ಒಬ್ಬಾಕಿ ಹೊಲದಾಗ ದುಡೀತಾಳ).

ಚಿತ್ರ ನೋಡಾಕ ಜೆರಾಕ್ಸ್ ಬ್ಯಾಡ್ರಿ, ಮ್ಯೂಸಿಯಂಗಳ ಸೈಟಿಗೆ ಹೋಗ್ರಿ, ಪುಕ್ಕಟ ಅದಾವ. ಬ್ರೂಗೆಲ್ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ (ಮೆಟ್) ಮ್ಯೂಸಿಯಂನಾಗ, ವೆಲಾಸ್ಕೆಸ್ ಮ್ಯಾಡ್ರಿಡ್‌ನ ಪ್ರಾದೊದಾಗ, ಹಕ್ಕಲ ಆಯೋರು ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಾಗ, ಮೊನೆ ಸೂರ್ಯ ಪ್ಯಾರಿಸ್‌ನ ಮಾರ್ಮೊತಾನ್‌ನಾಗ. ಮೊಬೈಲ್‌ಕಿಂತ ಕಾಲೇಜ್ ಲೈಬ್ರರಿ ಕಂಪ್ಯೂಟರ್‌ದಾಗ ನೋಡಿದ್ರ ಚಲೋ. ಇವತ್ತು ರಾತ್ರಿ ಗ್ಲೀನರ್ಸ್ ಒಂದ ನೋಡ್ರಿ, ಬಲಗಡೆ ಕುದರಿ ಮ್ಯಾಲ ಕುಂತೋಂವ ಸಿಗೋ ತನಕ.