‘ಒಗದುಬಿಡ್ರಿ’ ಅಂದರೆ ಏನು?

ಮಂಡ್ಯದ ಕಡೆಯವನಾದ ನನಗೆ ಹೈಸ್ಕೂಲು ಕನ್ನಡ ಮೇಷ್ಟ್ರಾಗಿ ಮೊದಲ ಕೆಲಸ ಸಿಕ್ಕಿದ್ದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬಾಡಿಗೆ ಮನೆಯ ಅಜ್ಜಿ ಮೊದಲ ವಾರವೇ ನನ್ನ ಅಂಗಿಯೊಂದನ್ನು ತೋರಿಸಿ, ‘ಸರ, ಆ ಅಂಗಿ ಹರದೈತಿ, ಒಗದುಬಿಡ್ರಿ’ ಅಂದರು. ನಾನು ಸೋಪು ಹಾಕಿ ಒಗೆದು ಮತ್ತೆ ಹಗ್ಗದ ಮೇಲೆ ಹರವಿದೆ. ಎರಡು ದಿನ ಬಿಟ್ಟು ಅವರೇ, ‘ಈ ಕಸಾ ತಿಪ್ಪಿಗೆ ಒಗದು ಬರ್ತೇನಿ, ಬಾಗ್ಲಾ ನೋಡ್ಕೋರಿ’ ಎಂದಾಗ ನಿಂತಲ್ಲೇ ನಿಂತೆ. ಕಸವನ್ನು ಯಾರಾದರೂ ಒಗೆಯುತ್ತಾರೆಯೇ? ತಿಪ್ಪೆಗೆ ಅಂದರಲ್ಲ, ಹಾಗಾದರೆ ಎಸೆಯುವುದು. ಆ ಕಡೆ ಬಟ್ಟೆ ಒಗೆಯುವುದಕ್ಕೂ ಒಗೆಯುವುದೇ, ಬೇಡದ್ದನ್ನು ಎಸೆಯುವುದಕ್ಕೂ ಒಗೆಯುವುದೇ. ಯಾವುದು ಎಂದು ಹೇಳುವುದು ಪಕ್ಕದ ಪದ. ಮೊದಲ ಮಾತಿನಲ್ಲೂ ಸುಳಿವು ಇತ್ತು: ‘ಹರದೈತಿ’. ಹರಿದದ್ದನ್ನು ಸೋಪು ಹಾಕಿ ಒಗೆಯಲು ಯಾರೂ ಹೇಳುವುದಿಲ್ಲ. ‘ಒಗೆ’ ನನಗೆ ಗೊತ್ತಿರುವ ಪದ ಅಂದುಕೊಂಡದ್ದರಿಂದ ನಾನು ಆ ಕಡೆ ನೋಡಲೇ ಇಲ್ಲ.

ಅಂದಿನಿಂದ ಕಿವಿ ಚುರುಕಾಯಿತು. ಸಂತೆಯಲ್ಲಿ ಒಬ್ಬಾಕೆ, ‘ಉಳ್ಳಾಗಡ್ಡಿ ತುಟ್ಟಿ ಅದಾವ್ರಿ, ಬಟಾಟಿ ಸೋವಿ ಅದಾವ, ಅವನ್ನ ತಗೋರಿ’ ಎಂದರು. ಈರುಳ್ಳಿ, ಆಲೂಗಡ್ಡೆ ಕಣ್ಣೆದುರಿಗೇ ಇದ್ದವು. ‘ತುಟ್ಟಿ’ ಗೊತ್ತು, ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆ ಇದೆಯಲ್ಲ. ‘ಸೋವಿ’ ಹೊಸದು. ಒಂದು ಬೇಡ, ಇನ್ನೊಂದು ತಗೋ ಎನ್ನುವ ಮಾತಿನಲ್ಲಿ ‘ತುಟ್ಟಿ’ಯ ಎದುರು ಬಂದು ಕೂತದ್ದು ‘ಅಗ್ಗ’ ಅಲ್ಲದೆ ಮತ್ತೇನು? ಯಾರನ್ನೂ ಕೇಳದೆ ಅರ್ಥ ಸಿಕ್ಕಿತು. ಈ ಎದುರುಬದುರಿನ ಸುಳಿವಿನಷ್ಟು ಗಟ್ಟಿಯಾದದ್ದು ಬೇರೆ ಇಲ್ಲ ಎಂದು ಈಗಲೂ ನಂಬಿದ್ದೇನೆ.

ತರಗತಿಯಲ್ಲಿ ಅದನ್ನೇ ಮಾಡಿಸಿದರೆ ಹೇಗೆ ಎನಿಸಿತು. ಪಠ್ಯಪುಸ್ತಕದಲ್ಲಿ ಪಾಠದ ಕೊನೆಗೆ ಪದಗಳ ಅರ್ಥ ಕೊಟ್ಟಿರುತ್ತಾರೆ, ಮಕ್ಕಳು ಪಾಠಕ್ಕಿಂತ ಮೊದಲು ಅಲ್ಲಿಗೇ ಓಡುತ್ತಾರೆ. ಹಾಗೆ ಸಿಕ್ಕ ಅರ್ಥ ಪರೀಕ್ಷೆ ಮುಗಿಯುವವರೆಗೂ ನಿಲ್ಲುವುದಿಲ್ಲ. ಅದಕ್ಕೇ ಬಸವಣ್ಣನವರ ವಚನವೊಂದನ್ನು ಬೋರ್ಡಿನ ಮೇಲೆ ಬರೆದು, ಪುಸ್ತಕ ಮುಚ್ಚಿ ಅಂದೆ.

‘ಕಳಬೇಡ ಕೊಲಬೇಡ ಹುಸಿಯ ನುಡಿಯಲುಬೇಡ.’ ಎಲ್ಲರೂ ಬಾಯಿಪಾಠ ಮಾಡಿದ್ದ ಸಾಲು. ಕಳಬೇಡ ಅಂದರೆ? ‘ಕಳಕೋಬಾರದು ಅಂತ್ರಿ ಸರ’ ಎಂದ ಹಿಂದಿನ ಬೆಂಚಿನ ಹುಡುಗ. ತಪ್ಪು ಅನ್ನಲಿಲ್ಲ. ‘ಕಳಬೇಡ’ ಇರುವ ಕಡೆ ಅದನ್ನೇ ಇಟ್ಟು ಓದು ಎಂದೆ. ‘ಕಳಕೋಬೇಡ, ಕೊಲ್ಲಬೇಡ, ಸುಳ್ಳು ಹೇಳಬೇಡ’ ಎಂದು ಗಟ್ಟಿಯಾಗಿ ಓದಿ ಅವನೇ ತಡೆದ. ಪೆನ್ಸಿಲ್ ಕಳೆದುಕೊಳ್ಳುವುದು ಕೊಲ್ಲುವುದರ ಪಕ್ಕ ಕೂರುವ ತಪ್ಪೇ? ‘ಕಳ’ದಿಂದ ಶುರುವಾಗುವ ಕೆಟ್ಟ ಪದ ಯಾವುದಿದೆ ಎಂದು ಕೇಳಿದ್ದಷ್ಟೇ, ‘ಕಳ್ಳ! ಕಳವು!’ ಎಂದು ನಾಲ್ಕೈದು ಕಡೆಯಿಂದ ಕೂಗು ಬಂತು. ಕದಿಯಬೇಡ. ನೆರೆಯ ಪದಗಳು ದಿಕ್ಕು ತೋರಿಸಿದವು, ಪದದ ಮೈಯೊಳಗಿನ ‘ಕಳ’ ಉಳಿದ ಕೆಲಸ ಮಾಡಿತು.

ನಿಜವಾದ ಪೇಚು ಅದೇ ವಚನದ ಇನ್ನೂ ಮುಂದಿನ ಒಂದು ಸಾಲಿನಲ್ಲಿತ್ತು: ‘ತನ್ನ ಬಣ್ಣಿಸಬೇಡ ಇದಿರ ಹಳಿಯಲುಬೇಡ.’ ಬಣ್ಣಿಸು ಅಂದರೆ ಬಣ್ಣ ಹಚ್ಚುವುದು ಎಂದರು. ಹಳಿ ಅಂದರೆ ರೈಲಿನ ಹಳಿ. ನನ್ನ ‘ಒಗೆ’ ನೆನಪಾಯಿತು. ಗೊತ್ತಿಲ್ಲದ ಪದ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ, ಗೊತ್ತಿದೆ ಎನಿಸುವ ಪದ ಹಾಗೆ ನಿಲ್ಲಿಸುವುದಿಲ್ಲ. ಎರಡು ಪದಗಳಲ್ಲಿ ಸುಲಭದ್ದನ್ನು ಮೊದಲು ಬಿಡಿಸೋಣ ಎಂದೆ. ಬಣ್ಣಕ್ಕೆ ಇನ್ನೊಂದು ಪದ? ವರ್ಣ. ಹಾಗಾದರೆ ಬಣ್ಣಿಸು? ‘ವರ್ಣಿಸು’ ಎಂದಳು ಒಬ್ಬಳು. ತನ್ನನ್ನು ತಾನೇ ವರ್ಣಿಸಿಕೊಳ್ಳುವುದು ಅಂದರೆ ಹೊಗಳಿಕೊಳ್ಳುವುದು. ಅಷ್ಟಾದ ಮೇಲೆ ‘ಹಳಿ’ಯನ್ನು ನಾನು ವಿವರಿಸಬೇಕಾಗಲೇ ಇಲ್ಲ. ‘ತನ್ನ’ ಎನ್ನುವುದಕ್ಕೆ ಎದುರು ‘ಇದಿರ’, ಹೊಗಳುವುದಕ್ಕೆ ಎದುರು ಬೈಯುವುದು. ಸಂತೆಯ ತುಟ್ಟಿ-ಸೋವಿಯ ಲೆಕ್ಕವೇ.

ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, ‘ಎದುರಿಗೆ ಬೈಬಾರದು, ಹಿಂದ ಬೈಬಹುದೇನ್ರಿ ಸರ?’ ಎಂದ. ಎಲ್ಲರೂ ನಕ್ಕರು, ಆದರೆ ಅದು ನಗುವ ಪ್ರಶ್ನೆಯಲ್ಲ. ‘ಇದಿರ’ ಪದವನ್ನು ಒಂಟಿಯಾಗಿ ಹಿಡಿದರೆ ಅವನ ಅರ್ಥವೂ ಹೊಂದುತ್ತದೆ. ಮತ್ತೆ ಪಕ್ಕಕ್ಕೆ ಕರೆದುಕೊಂಡು ಹೋದೆ. ‘ತನ್ನ’ ಎಂದರೆ ಇಲ್ಲಿ ‘ತನ್ನನ್ನು’. ಸಾಲಿನ ಎರಡು ಅರ್ಧಗಳೂ ಒಂದೇ ಅಚ್ಚಿನಲ್ಲಿವೆ. ಹಾಗಾದರೆ ‘ಇದಿರ’ ಎಂದರೆ ಎದುರಿನಲ್ಲಿ ಅಲ್ಲ, ಎದುರಿನವನನ್ನು, ಅಂದರೆ ಇನ್ನೊಬ್ಬನನ್ನು. ‘ಹಂಗಾರ ಹಿಂದನೂ ಬೈಬಾರದು’ ಎಂದು ಅವನು ಕುಳಿತ. ಬರೀ ಅರ್ಥ ಹೇಳಿಕೊಟ್ಟಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಊಹೆಗೂ ಒಂದು ಎಲ್ಲೆ ಇದೆ, ಅದನ್ನೂ ಮಕ್ಕಳಿಗೆ ತೋರಿಸಲೇಬೇಕು. ಅದಕ್ಕೆ ನಾನು ಆರಿಸಿಕೊಂಡದ್ದು ಹತ್ತನೆಯ ಶತಮಾನದ ಕವಿ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ ಕಾವ್ಯದಲ್ಲಿ ಬರೆದ ಸಾಲು: ‘ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.’ ಮೊದಲು ಸಂಧಿ ಬಿಡಿಸಬೇಕು: ಆರ್, ಅಂಕುಸಂ, ಇಟ್ಟೊಡಂ. ಹಳಗನ್ನಡದಲ್ಲಿ ಅರ್ಧ ಕಷ್ಟ ಪದದ್ದಲ್ಲ, ಪದ ಎಲ್ಲಿ ಮುಗಿಯುತ್ತದೆ ಎಂಬುದರದ್ದು. ‘ಇಟ್ಟೊಡಂ’ ಎಂದರೆ ‘ಇಟ್ಟರೂ’ ಎಂದು ಮಾತ್ರ ಹೇಳಿಕೊಟ್ಟೆ. ಯಾರು ಏನು ಇಟ್ಟರೂ ಮನಸ್ಸು ಬನವಾಸಿಯನ್ನು ನೆನೆಯುತ್ತದೆ. ಆ ‘ಏನು’ ಏನು? ‘ತಡೆ’ ಎಂದು ಬಹಳ ಮಂದಿ ಪೆನ್ಸಿಲಿನಲ್ಲಿ ಬರೆದರು. ಒಬ್ಬನಿಗೆ ಪತ್ರಿಕೆಯ ತಲೆಬರಹಗಳಲ್ಲಿ ಬರುವ ‘ಬೆಲೆ ಏರಿಕೆಗೆ ಅಂಕುಶ’ ನೆನಪಾಯಿತು. ಸುತ್ತಲಿನ ಪದಗಳು ಕೊಡುವುದು ಅಷ್ಟೇ. ತಡೆಯುವ ಏನೋ ಒಂದು, ಅದಕ್ಕಿಂತ ಮುಂದೆ ಅವು ಒಯ್ಯುವುದಿಲ್ಲ.

ಆಮೇಲೆ ನಿಘಂಟು ತೆಗೆಸಿದೆ. ಊಹೆ ಬರೆದ ಮೇಲೆ ಮಾತ್ರ ನಿಘಂಟು, ಅದು ನಮ್ಮ ತರಗತಿಯ ಪದ್ಧತಿ. ಬರೆದದ್ದನ್ನು ಅಳಿಸುವ ಹಾಗಿಲ್ಲ. ಆನೆಯನ್ನು ಹತೋಟಿಯಲ್ಲಿಡಲು ಮಾವುತ ಹಿಡಿಯುವ ಕೊಕ್ಕೆಯ ಆಯುಧ ಎಂದು ಸಿಕ್ಕಿತು. ಮುಂದಿನ ಬೆಂಚಿನ ಹುಡುಗಿ ತನ್ನ ‘ತಡೆ’ಯ ಕೆಳಗೆ ಅದನ್ನು ಬರೆದುಕೊಂಡು, ಬೋರ್ಡಿನ ಸಾಲನ್ನು ಮತ್ತೊಮ್ಮೆ ತುಟಿಯಲ್ಲೇ ಓದಿ, ತಲೆ ಎತ್ತಿ ಹೇಳಿದಳು:

‘ಹಂಗಾರ ಪಂಪನ ಮನಸ್ಸು ಆನಿ ಆತಲ್ರಿ ಸರ.’