ಒಳಗಿನ ಎರಡು ಡಿಸ್ಕಿಗೂ ಬಿಟ್‌ಲಾಕರ್ ಹಾಕಿದ್ದು ಹೀಗೆ

ವಿಂಡೋಸ್ ಪಾಸ್‌ವರ್ಡ್ ಹಾಕಿದರೆ ಫೈಲುಗಳು ಭದ್ರ ಅಂತ ತುಂಬಾ ಜನ ನಂಬಿರುತ್ತಾರೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಆ ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ. ಅದಕ್ಕೇ ಬಿಟ್‌ಲಾಕರ್: ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಮಾಡುವ, ಅಂದರೆ ಎನ್‌ಕ್ರಿಪ್ಟ್ ಮಾಡುವ, ವಿಂಡೋಸಿನದೇ ಸೌಲಭ್ಯ. ನನ್ನ ಡೆಸ್ಕ್‌ಟಾಪ್‌ನಲ್ಲಿ ಸಿ ಡ್ರೈವ್ ಎಸ್‌ಎಸ್‌ಡಿ, ಡಿ ಡ್ರೈವ್ ಹಳೆಯ ಹಾರ್ಡ್ ಡಿಸ್ಕ್. ಲೆಕ್ಕಪತ್ರ, ಫೋಟೋ, ಸ್ಕ್ಯಾನ್ ಮಾಡಿದ ದಾಖಲೆಗಳೆಲ್ಲ ಡಿಯಲ್ಲೇ ಇವೆ. ಸಿಗೆ ಮಾತ್ರ ಬೀಗ ಹಾಕಿದರೆ ಏನು ಬಂತು? ಎರಡಕ್ಕೂ ಹಾಕಿದೆ. ನನ್ನದು ವಿಂಡೋಸ್ ಪ್ರೊ. ಹೋಂ ಆವೃತ್ತಿಯಲ್ಲಿ ಇಷ್ಟೆಲ್ಲ ಆಯ್ಕೆ ಸಿಗುವುದಿಲ್ಲ.

ಮೊದಲು ಬ್ಯಾಕಪ್, ಅದರಲ್ಲಿ ಚರ್ಚೆಯೇ ಇಲ್ಲ. ಆಮೇಲೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಟಿಪಿಎಂ ಅನ್ನುವ ಭದ್ರತಾ ಚಿಪ್ ಆನ್ ಇದೆಯಾ ನೋಡಿದೆ. ಬೂಟ್ ಆಗುವ ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಅಂತ ಗೊತ್ತಾದ ಮೇಲೆಯೇ ಈ ಚಿಪ್ ಕೀ ಬಿಟ್ಟುಕೊಡುತ್ತದೆ.

ಸಿಯಿಂದಲೇ ಶುರು ಮಾಡಿದೆ. ಡಿ ತಾನಾಗಿ ತೆರೆದುಕೊಳ್ಳಬೇಕಾದರೆ ಅದರ ಕೀ ಸಿಯಲ್ಲಿ ಕೂರಬೇಕು, ಅದಕ್ಕೆ ಸಿ ಮೊದಲೇ ಎನ್‌ಕ್ರಿಪ್ಟ್ ಆಗಿರಬೇಕು. ಎನ್‌ಕ್ರಿಪ್ಷನ್ ವಿಧಾನಕ್ಕೆ ಎಕ್ಸ್‌ಟಿಎಸ್-ಎಇಎಸ್ 128 ಬಿಟ್ ಅನ್ನುವುದು ತಾನಾಗಿ ಬರುವ ಆಯ್ಕೆ. ಗ್ರೂಪ್ ಪಾಲಿಸಿ ಅನ್ನುವ ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ 256 ಮಾಡಬಹುದು, ಆದರೆ ಶುರುವಿಗೆ ಮುಂಚೆಯೇ ಮಾಡಬೇಕು. ನಾನು 128ರಲ್ಲೇ ಬಿಟ್ಟೆ. ಮನೆಯ ಕಂಪ್ಯೂಟರಿಗೆ ಅದು ಧಾರಾಳ.

ವಿಝರ್ಡ್ ಒಂದು ಪ್ರಶ್ನೆ ಕೇಳುತ್ತದೆ: ಬಳಸಿದ ಜಾಗ ಮಾತ್ರವೋ, ಇಡೀ ಡ್ರೈವೋ? ಬೇಗ ಮುಗಿಯುತ್ತೆ ಅಂತ ಸುಮ್ನೆ ಮೊದಲನೆಯದನ್ನು ಒತ್ತಬೇಡಿ. ಡಿಲೀಟ್ ಮಾಡಿದ ಫೈಲಿನ ಹೆಸರು ಪಟ್ಟಿಯಿಂದ ಹೋಗುತ್ತದೆ, ಅದರ ಡೇಟಾ ಮಾತ್ರ ಬೇರೇನಾದರೂ ಮೇಲೆ ಬರೆಯುವ ತನಕ ಡಿಸ್ಕಿನಲ್ಲೇ ಬಿದ್ದಿರುತ್ತದೆ. ಬಳಸಿದ ಜಾಗಕ್ಕೆ ಮಾತ್ರ ಬೀಗ ಹಾಕಿದರೆ ಈ ಹಳೇ ತುಣುಕುಗಳು ಹೊರಗೇ ಉಳಿಯುತ್ತವೆ. ಹೊಸ ಡಿಸ್ಕಿಗೆ ಪರವಾಗಿಲ್ಲ, ವರ್ಷಗಟ್ಟಲೆ ಬಳಸಿದ್ದಕ್ಕೆ ಇಡೀ ಡ್ರೈವೇ ಸರಿ. ಡಿ ಮುಗಿಯಲು ಒಂದು ರಾತ್ರಿಯೇ ಹಿಡಿಯಿತು. ನಡುವೆ ಕಂಪ್ಯೂಟರ್ ಬಳಸಬಹುದು, ಆಫ್ ಮಾಡಿದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಮುಗಿದ ಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಟ್‌ಲಾಕರ್ ಸ್ಥಿತಿ ತೋರಿಸುವ ಮ್ಯಾನೇಜ್-ಬಿಡಿಇ ಸ್ಟೇಟಸ್ ಕಮಾಂಡ್ ಕೊಟ್ಟು ನೋಡಿದೆ. ಎನ್‌ಕ್ರಿಪ್ಷನ್ ವಿಧಾನದ ಮುಂದೆ ಎಕ್ಸ್‌ಟಿಎಸ್ ಅಂತಲೇ ಇರಬೇಕು. ಹಾರ್ಡ್‌ವೇರ್ ಎನ್‌ಕ್ರಿಪ್ಷನ್ ಅಂತಿದ್ದರೆ ಆ ಕೆಲಸವನ್ನು ಡಿಸ್ಕೇ ಮಾಡುತ್ತಿದೆ ಅಂತ ಅರ್ಥ. ಕೆಲವು ಎಸ್‌ಎಸ್‌ಡಿಗಳ ಒಳಗಿನ ಎನ್‌ಕ್ರಿಪ್ಷನ್ನೇ ಪೊಳ್ಳು ಅಂತ 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದರು. ಹಾಗಾಗಿ ಆ ಕೆಲಸ ಡಿಸ್ಕಿನ ಪಾಲಿಗೆ ಬಿಡುವುದು ನನಗೆ ಬೇಡ.

ಟಿಪಿಎಂ ಒಂದೇ ಇದ್ದರೆ, ಇಡೀ ಸಿಪಿಯು ಹೊತ್ತೊಯ್ದವನಿಗೂ ಅದು ಲಾಗಿನ್ ಪರದೆಯವರೆಗೆ ಬೂಟ್ ಆಗುತ್ತದೆ ಅಲ್ವಾ? ಅದಕ್ಕೇ ಗ್ರೂಪ್ ಪಾಲಿಸಿಯಲ್ಲಿ ಅನುಮತಿ ಕೊಟ್ಟು ಸಿಗೆ ಬೂಟ್ ಆಗುವ ಮುಂಚೆಯೇ ಕೇಳುವ ಪಿನ್ ಕೂಡ ಸೇರಿಸಿದೆ. ದಿನಾ ಟೈಪ್ ಮಾಡುವ ರಗಳೆ ಇದೆ, ಇರಲಿ.

ಡ್ರೈವ್ ಎಂದಿನಂತೆ ತೆರೆಯದಿದ್ದಾಗ ಬೇಕಾಗುವ ರಿಕವರಿ ಕೀ 48 ಅಂಕಿಗಳದ್ದು, ಒಂದೊಂದು ಡ್ರೈವಿಗೂ ಬೇರೆ ಬೇರೆ. ಎರಡನ್ನೂ ಪ್ರಿಂಟ್ ತೆಗೆದು, ಯಾವುದು ಯಾವ ಡ್ರೈವಿನದು ಅಂತ ಪೆನ್ನಿನಲ್ಲಿ ಬರೆದು, ಕಂಪ್ಯೂಟರಿನಿಂದ ದೂರ ಇಟ್ಟೆ. ಬಯೋಸ್ ಅಪ್‌ಡೇಟ್ ಮಾಡುವ ಮುಂಚೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡುತ್ತೇನೆ, ಇಲ್ಲದಿದ್ದರೆ ಸಿಯ ಕೀ ಕೇಳುವ ನೀಲಿ ಪರದೆ ಬರಬಹುದು. ಡಿಯ ಕೀ ಬೇಕಾಗುವುದು ವಿಂಡೋಸ್ ಹೊಸದಾಗಿ ಹಾಕಿದಾಗ. ಹಳೇ ಸಿ ಅಳಿಸಿದರೆ ಡಿಯನ್ನು ತಾನಾಗಿ ತೆರೆಯುತ್ತಿದ್ದ ಕೀಯೂ ಅದರ ಜೊತೆಗೇ ಹೋಗುತ್ತದೆ. ಆಗ ಡಿಗೆ ಕೊಟ್ಟ ಪಾಸ್‌ವರ್ಡ್ ಅಥವಾ ಆ 48 ಅಂಕಿ, ಇವೆರಡರಲ್ಲಿ ಒಂದು ಕೈಯಲ್ಲಿರಲೇಬೇಕು.